ಗಾಳದ ಪ್ರಶ್ನೋತ್ತರ: ನೀರಿನ ಮೇಲೆ ಬಾಸ್ ಮೀನು ಬಂದಾಗ ಎಳೀಬೇಡಿ, ಸ್ವಲ್ಪ ತಡೀರಿ

ಹೋದ ಸಂಚಿಕೇಲಿ ಮಿನ್ನೆಸೋಟದ ಉತ್ತರ ಭಾಗದ ಲೇಕ್ ವರ್ಮಿಲಿಯನ್‌ನಲ್ಲಿ ಟಾಪ್‌ವಾಟರ್ ಲ್ಯೂರ್ ಹಾಕಿ ಬಾಸ್ ಮೀನು ಹಿಡಿಯೋದರ ಬಗ್ಗೆ ಒಂದು ಪುಟ ಬರೆದಿದ್ದೆ. ಓದದೇ ಇರೋರಿಗೆ ಎರಡೇ ಮಾತಲ್ಲಿ ಹೇಳ್ತೀನಿ, ನೀರಲ್ಲಿ ಮುಳುಗದೆ ಮೇಲೇ ತೇಲೋ ಮರದ್ದೋ ಪ್ಲಾಸ್ಟಿಕ್ಕಿಂದೋ ಒಂದು ಸುಳ್ಳು ಮೀನು ಇಲ್ಲಾ ಸುಳ್ಳು ಕಪ್ಪೆ, ಅದನ್ನ ದೂರಕ್ಕೆ ಎಸೆದು ಸದ್ದು ಮಾಡಿಸ್ತಾ ಎಳ್ಕೋತೀವಿ, ಕೆಳಗಿಂದ ಬಾಸ್ ಬಂದು ನೀರು ಒಡೆದು ಬಾಯಿ ಹಾಕುತ್ತೆ. ವರ್ಮಿಲಿಯನ್ ಅಂದ್ರೆ ಸುಮಾರು 40 ಸಾವಿರ ಎಕರೆ ನೀರು, 300ಕ್ಕೂ ಜಾಸ್ತಿ ದ್ವೀಪ, ಸುತ್ತ ಬಂಡೆ ಮತ್ತು ಪೈನ್ ಮರ. ಆ ಲೇಖನಕ್ಕೆ ತುಂಬಾ ಪತ್ರ ಬಂದವು, ಅರ್ಧಕ್ಕೂ ಹೆಚ್ಚು ಜನ ಕೇಳಿರೋದು ಒಂದೇ ಪ್ರಶ್ನೆ, ಹಾಗಾಗಿ ಅದರಿಂದಲೇ ಶುರು ಮಾಡ್ತೀನಿ.

ಪ್ರಶ್ನೆ: ಸರ್, ನಾನು ಮಿನ್ನಿಯಾಪೊಲಿಸ್ ಹತ್ರ ಇರೋನು, ಲೇಕ್ ಮಿನಿಟೋಂಕಾಕ್ಕೆ ಶನಿವಾರ ಬೆಳಗ್ಗೆ ಐದೂವರೆಗೇ ಹೋಗಿದ್ದೆ. ಏಳು ಸಲ ಬಾಸ್ ಹಾರ್ತು, ಅಂಥಾ ಸದ್ದು, ಎದೆ ಡಬಡಬ ಅಂತು, ಆದ್ರೆ ಒಂದೂ ಸಿಗಲಿಲ್ಲ. ಹುಕ್ ಮೊಂಡಾಗಿದೆಯಾ ಅಥವಾ ರಾಡ್ ಬದಲಾಯಿಸಬೇಕಾ?

ಉತ್ತರ: ಹುಕ್ ಒಂದ್ಸಲ ಉಗುರಿನ ಮೇಲೆ ಎಳೆದು ನೋಡಿ, ಜಾರದೆ ಕಚ್ಚಿಕೊಂಡ್ರೆ ಅದು ಚೂಪಾಗೇ ಇದೆ. ರಾಡಿಗೂ ದುಡ್ಡು ಖರ್ಚು ಮಾಡ್ಬೇಡಿ. ಏಳಕ್ಕೆ ಏಳೂ ತಪ್ಪಿದೆ ಅಂದ್ರೆ ನನಗೆ ಅನುಮಾನವೇ ಇಲ್ಲ, ನೀವು ಸದ್ದು ಕೇಳಿದ ತಕ್ಷಣ ಎಳೀತಿದ್ದೀರಿ.

ಏನಾಗುತ್ತೆ ಅಂತ ನಿಧಾನಕ್ಕೆ ಹೇಳ್ತೀನಿ ಕೇಳಿ, ಯಾಕಂದ್ರೆ ಇದು ಗೊತ್ತಾದ್ಮೇಲೆ ಕೈ ತಾನಾಗೇ ತಡೆಯುತ್ತೆ. ಬಾಸ್ ನಾಯಿ ಥರ ಹಲ್ಲಿಂದ ಕಚ್ಚಿ ಹಿಡಿಯೋ ಮೀನಲ್ಲ, ಅದು ಹತ್ರ ಬಂದು ಆ ದೊಡ್ಡ ಬಾಯನ್ನ ಒಮ್ಮೆಲೇ ತೆಗೆಯುತ್ತೆ, ತೆಗೆದಾಗ ಮುಂದಿರೋ ನೀರೆಲ್ಲ ಒಳಗೆ ನುಗ್ಗುತ್ತೆ, ನೀರಿನ ಜೊತೆ ತಿಂಡಿನೂ ಒಳಗೆ ಹೋಗುತ್ತೆ, ಆಮೇಲೆ ಬಾಯಿ ಮುಚ್ಚಿ ತಿರುಗಿಕೊಂಡು ಕೆಳಗೆ ಇಳಿಯುತ್ತೆ. ನಿಮಗೆ ಕಾಣೋ ಆ ನೀರು ಒಡೆಯೋದು, ಕೇಳೋ ಆ ಸದ್ದು, ಅದೆಲ್ಲ ಬಾಯಿ ತೆಗೆಯೋ ಹೊತ್ತಿಂದು, ಮುಚ್ಚಿದ್ಮೇಲಿಂದಲ್ಲ. ಆಗ ದಾರ ಬಿಗಿ ಇದ್ದು ನೀವು ಎಳೆದ್ರೆ ತೆರೆದ ಬಾಯಿಂದ ಲ್ಯೂರನ್ನ ನೀವೇ ಕಿತ್ಕೊಂಡ ಹಾಗಾಯ್ತು. ಇನ್ನು ಕೆಲವು ಸಲ, ಅದರಲ್ಲೂ ಸ್ಮಾಲ್‌ಮೌತ್ ಅನ್ನೋ ಜಾತಿಯ ಬಾಸ್, ಲ್ಯೂರನ್ನ ಹೊಡೆದು ಮೇಲೆ ಹಾರಿಸಿ ಬಿಟ್ಟುಬಿಡುತ್ತೆ, ಬಾಯಿಗೇ ತಗೊಂಡಿರಲ್ಲ, ಅಂಥದ್ದಕ್ಕೆ ಎಳೆದ್ರೆ ಏನೂ ಸಿಗಲ್ಲ, ಮೀನು ಹೆದರಿ ಹೋಗುತ್ತೆ ಅಷ್ಟೆ.

ಹಾಗಾಗಿ ಒಂದೇ ನಿಯಮ ಇಟ್ಕೊಳ್ಳಿ, ಕಣ್ಣಿಗೆ ಕಂಡಿದ್ದಕ್ಕೂ ಕಿವಿಗೆ ಕೇಳಿದ್ದಕ್ಕೂ ಎಳೀಬೇಡಿ, ಕೈಗೆ ಭಾರ ಬಂದ್ಮೇಲೆ ಎಳೀರಿ. ಪಾಪರ್ ಅಥವಾ ಸ್ಪೂಕ್ ಥರದ ಲ್ಯೂರ್ ಆದ್ರೆ (ಇವೇನು ಅಂತ ಮುಂದಿನ ಉತ್ತರದಲ್ಲಿ ಹೇಳಿದ್ದೀನಿ) ಮೀನು ಹಾರಿದ್ರೂ ಏನೂ ಆಗೇ ಇಲ್ಲ ಅನ್ನೋ ಹಾಗೆ ಅದೇ ಲಯದಲ್ಲಿ ಆಡಿಸ್ತಾ ಇರಿ, ರಾಡಿನ ತುದಿ ಬಾಗಿ ತೂಕ ಕೈಗೆ ತಾಗಿದಾಗ ರಾಡನ್ನ ಪಕ್ಕಕ್ಕೆ ಗಟ್ಟಿಯಾಗಿ ತನ್ನಿ, ಜಾಡಿಸೋದು ಬೇಡ. ನೀರಿನ ಮೇಲೆ ಹರಡಿರೋ ಎಲೆಗಳ ಮೇಲೆ ರಬ್ಬರ್ ಕಪ್ಪೆ ಆಡಿಸುವಾಗ ಇನ್ನೂ ಸ್ವಲ್ಪ ಹೆಚ್ಚೇ ತಡೀಬೇಕು, ನಾನು ಮನಸ್ಸಲ್ಲಿ ಒಂದು, ಎರಡು ಅಂತ ಎಣಿಸ್ತೀನಿ, ಸಡಿಲ ದಾರ ಸುತ್ಕೊಂಡು ಆಮೇಲೆ ಪೂರ್ತಿ ಬಲ ಹಾಕಿ ಎಳೀತೀನಿ, ಯಾಕಂದ್ರೆ ಕಪ್ಪೆಯ ಹುಕ್ ಮೈಗೆ ಅಂಟಿಕೊಂಡಿರುತ್ತೆ, ಮೀನು ಅದನ್ನ ಬಾಯಲ್ಲಿ ಅದುಮಿದ್ರೇನೇ ಮೊನೆ ಹೊರಗೆ ಬರೋದು.

ಹೇಳೋದು ಸುಲಭ, ಮಾಡೋದು ಕಷ್ಟ ಅಂತ ನನಗೂ ಗೊತ್ತು, ಮೊದಲ ಬೇಸಿಗೆಯೆಲ್ಲ ನಾನೂ ಹೀಗೇ ಕಳ್ಕೊಂಡಿದ್ದೇನೆ. ವರ್ಮಿಲಿಯನ್‌ನಲ್ಲಿ ಪಕ್ಕದ ಕ್ಯಾಬಿನ್ನಿನ ಒಬ್ಬ ಹಿರಿಯರು ನನ್ನನ್ನ ಎರಡು ದಿನ ನೋಡಿ ಆಮೇಲೆ ಹೇಳಿದ್ದು ಏನಂದ್ರೆ, ಲ್ಯೂರ್ ಎಸೆದ್ಮೇಲೆ ಅದನ್ನ ನೋಡ್ಲೇಬೇಡ, ದಡದ ಮೇಲಿನ ಒಂದು ಮರ ನೋಡ್ತಾ ನಿಂತ್ಕೋ ಅಂತ. ಅವತ್ತು ಸಂಜೆ ದಡದ ಪೈನ್ ಮರ ನೋಡ್ತಾ ಕೈ ಮಾತ್ರ ಆಡಿಸ್ತಾ ಇದ್ದೆ, ಹಿಂದೆ ಧಡಾರ್ ಅಂತು, ಮೈ ಜುಂ ಅಂತು, ಆದ್ರೆ ಕಣ್ಣಿಗೆ ಏನೂ ಕಾಣದೇ ಇದ್ದಿದ್ರಿಂದ ಕೈ ಸುಮ್ನೆ ಇತ್ತು, ಮರುಕ್ಷಣ ರಾಡ್ ಬಾಗ್ತು. 18 ಇಂಚಿನ ಸ್ಮಾಲ್‌ಮೌತ್. ನೀವೂ ಒಂದು ಅರ್ಧ ಗಂಟೆ ಹೀಗೆ ಅಭ್ಯಾಸ ಮಾಡಿ, ಆಮೇಲೆ ನೋಡ್ಕೊಂಡೇ ತಡೆಯೋದು ಬರುತ್ತೆ.

ತಪ್ಪಿದ್ಮೇಲೆ ಏನು ಮಾಡ್ಬೇಕು ಅನ್ನೋದೂ ಅಷ್ಟೇ ಮುಖ್ಯ. ಬಹಳ ಜನ ಬೇಸರದಲ್ಲಿ ಸರಸರ ಸುತ್ತಿ ಲ್ಯೂರ್ ವಾಪಸ್ ತಗೋತಾರೆ. ಬೇಡ. ಅಲ್ಲೇ ಬಿಡಿ, ನೀರಿನ ಮೇಲಿನ ಉಂಗುರಗಳು ಅಳಿಸಿ ಹೋಗೋ ತನಕ ಮುಟ್ಟಬೇಡಿ, ಆಮೇಲೆ ಒಂದು ಸಣ್ಣ ಅಲುಗಾಟ ಕೊಡಿ ಅಷ್ಟೆ, ಬಾಸ್ ಎಷ್ಟೋ ಸಲ ಅಲ್ಲೇ ಕೆಳಗೆ ನಿಂತು ನೋಡ್ತಾ ಇರುತ್ತೆ, ಎರಡನೇ ಸಲ ಬಂದಾಗ ಪೂರ್ತಿ ನುಂಗುತ್ತೆ. ಅದೂ ಆಗಲಿಲ್ಲ ಅಂದ್ರೆ ಪಕ್ಕದಲ್ಲಿ ಇನ್ನೊಂದು ರಾಡಿಗೆ ಮೆತ್ತನೆ ಪ್ಲಾಸ್ಟಿಕ್ ಹುಳ ಕಟ್ಟಿಟ್ಕೊಂಡಿರಿ, ಮೊದಲಿನ ಲ್ಯೂರ್ ವಾಪಸ್ ತಗೊಂಡು ಅದೇ ಜಾಗಕ್ಕೆ ಹುಳ ಹಾಕಿ ಮುಳುಗೋಕೆ ಬಿಡಿ. ಒಬ್ಬರು ಒಂದೇ ದಾರ ನೀರಲ್ಲಿ ಇಡಬಹುದು ಅನ್ನೋದು ಬೇಸಿಗೇಲಿ ಇಲ್ಲಿನ ಕಾನೂನು, ಅದಕ್ಕೇ ಮೊದಲಿಂದು ವಾಪಸ್ ತಗೊಂಡು ಅಂದಿದ್ದು.

ಇನ್ನೊಂದು ಮಾತು, ಇದನ್ನ ದಯವಿಟ್ಟು ಮರೀಬೇಡಿ. ತಪ್ಪಿದ ಮೀನಿಗೆ ಜೋರಾಗಿ ಎಳೆದಾಗ ಆ ಲ್ಯೂರ್ ಮೂರು ಮೂರು ಮುಳ್ಳಿನ ಎರಡು ಹುಕ್ ಹೊತ್ಕೊಂಡು ಸೀದಾ ನಿಮ್ಮ ಮುಖಕ್ಕೆ ಬರುತ್ತೆ. ಮೋಡ ಇದ್ರೂ ಸಂಜೆ ಆದ್ರೂ ಕಣ್ಣಿಗೆ ಕನ್ನಡಕ ಹಾಕ್ಕೊಳ್ಳಿ, ಕತ್ತಲಾದ್ರೆ ಬಣ್ಣ ಇಲ್ಲದ ಗಾಜಿಂದು ಹಾಕಿ.

ಪ್ರಶ್ನೆ: ಅಂಗಡಿಗೆ ಹೋದ್ರೆ ಒಂದು ಗೋಡೆ ತುಂಬಾ ಟಾಪ್‌ವಾಟರ್ ಲ್ಯೂರ್ ನೇತು ಹಾಕಿದ್ದಾರೆ, ಒಂದೊಂದಕ್ಕೂ ಹತ್ತು ಹದಿನೈದು ಡಾಲರ್. ಹೊಸಬರಿಗೆ ಯಾವುದು ಸಾಕು? ಬಣ್ಣ ಯಾವುದು ತಗೋಬೇಕು? (ರೋಚೆಸ್ಟರ್, ಮಿನ್ನೆಸೋಟ)

ಉತ್ತರ: ಮೂರು ಸಾಕು ಮೇಡಂ. ಒಂದು ಪಾಪರ್, ಒಂದು ಸ್ಪೂಕ್, ಒಂದು ಪೊಳ್ಳು ಹೊಟ್ಟೆಯ ರಬ್ಬರ್ ಕಪ್ಪೆ.

ಪಾಪರ್‌ಗೆ ಮುಖ ಬಟ್ಟಲಿನ ಥರ ತಗ್ಗಾಗಿರುತ್ತೆ, ಸಣ್ಣಗೆ ಎಳೆದ್ರೆ ನೀರನ್ನ ಉಗಿದು ಬ್ಲುಪ್ ಅನ್ನುತ್ತೆ. ಎರಡು ಸಲ ಬ್ಲುಪ್ ಅನಿಸಿ, ನಿಲ್ಲಿಸಿ. ಎಷ್ಟು ಹೊತ್ತು ನಿಲ್ಲಿಸಬೇಕು ಅನ್ನೋದೇ ಇದರ ಗುಟ್ಟು, ಜೂನ್ ಶುರುವಿನಲ್ಲಿ ನೀರಿನ್ನೂ ತಣ್ಣಗಿರುವಾಗ ಹತ್ತು ಸೆಕೆಂಡು ಬಿಟ್ರೂ ಜಾಸ್ತಿ ಅಲ್ಲ, ಜುಲೈನಲ್ಲಿ ಒಂದೆರಡು ಸೆಕೆಂಡು ಸಾಕು. ಮೀನು ಬರೋದು ಬಹುತೇಕ ಆ ನಿಂತ ಹೊತ್ತಲ್ಲೇ.

ಸ್ಪೂಕ್ ಅಂದ್ರೆ ಚುಟ್ಟಾ ಆಕಾರದ್ದು, ಅದಕ್ಕೆ ತನ್ನದೇ ಆಟ ಏನೂ ಇಲ್ಲ, ಸುಮ್ನೆ ಎಳೆದ್ರೆ ಕಡ್ಡಿ ಥರ ಬರುತ್ತೆ. ರಾಡಿನ ತುದಿ ನೀರಿನ ಕಡೆ ಇಳಿಸಿ, ಸಣ್ಣಗೆ ಒಂದು ತಟ್ಟು, ತಕ್ಷಣ ದಾರ ಸಡಿಲ ಬಿಡಿ, ಮತ್ತೆ ತಟ್ಟು, ಮತ್ತೆ ಸಡಿಲ. ಆ ಸಡಿಲ ಬಿಡೋದ್ರಿಂದಲೇ ಅದು ಎಡಕ್ಕೆ ಬಲಕ್ಕೆ ಮೂತಿ ತಿರುಗಿಸ್ತಾ ಹಸು ಬಾಲ ಬೀಸೋ ಹಾಗೆ ಬರೋದು, ಇಲ್ಲಿನವರು ಇದಕ್ಕೆ ವಾಕಿಂಗ್ ದ ಡಾಗ್ ಅಂತಾರೆ. ಮೊದಲ ದಿನ ಕೈ ನೋಯುತ್ತೆ, ಮೂರನೇ ದಿನ ಲಯ ಸಿಗುತ್ತೆ. ಈ ಲ್ಯೂರಿಗೆ ದೊಡ್ಡ ಚರಿತ್ರೆನೇ ಇದೆ. ಮಿಶಿಗನ್‌ನ ಡೊವಾಜಿಯಾಕ್ ಅನ್ನೋ ಊರಲ್ಲಿ ಜೇಮ್ಸ್ ಹೆಡನ್ ಅಂತ ಒಬ್ಬರಿದ್ರು, ಅವರು ಒಂದು ಕೊಳದ ಹತ್ರ ಕೂತು ಚಾಕುವಿನಲ್ಲಿ ಮರದ ತುಂಡು ಕೆತ್ತುತ್ತಾ ಇದ್ದು ಅದನ್ನ ನೀರಿಗೆ ಎಸೆದಾಗ ಬಾಸ್ ಬಂದು ಹೊಡೀತಂತೆ, ಅಲ್ಲಿಂದ ಅವರಿಗೆ ಮರದ ಲ್ಯೂರ್ ಮಾಡೋ ಯೋಚನೆ ಬಂತು ಅನ್ನೋ ಕಥೆ ಹೇಳ್ತಾರೆ. ಅವರ ಹೆಸರಿನ ಕಂಪನಿನೇ ಮುಂದೆ ಝರಗೋಸಾ ಅನ್ನೋ ಮರದ ಲ್ಯೂರ್ ಮಾಡ್ತು, 1939ರಲ್ಲಿ ಅದು ಪ್ಲಾಸ್ಟಿಕ್ಕಿಗೆ ಬಂದು ಝಾರಾ ಸ್ಪೂಕ್ ಆಯ್ತು, ಇವತ್ತಿಗೂ ಅದೇ ಹೆಸರಲ್ಲಿ ಸಿಗುತ್ತೆ. ಎಂಬತ್ತು ವರ್ಷದ ಮೇಲಾದ್ರೂ ಮೀನು ಅದಕ್ಕೆ ಬರ್ತಾ ಇದೆ ಅಂದ್ರೆ ಗೋಡೆ ತುಂಬಾ ಇರೋ ಹೊಸದೆಲ್ಲ ಬೇಕೇ ಬೇಕು ಅಂತೇನಿಲ್ಲ.

ಕಪ್ಪೆ ಬೇಕಾಗೋದು ತಾವರೆ ಥರದ ಎಲೆಗಳು ನೀರು ಮುಚ್ಚಿರೋ ಕಡೆ, ಬೇರೆ ಲ್ಯೂರ್ ಅಲ್ಲಿ ಒಂದು ಎಸೆತಕ್ಕೇ ಸಿಕ್ಕಿಹಾಕಿಕೊಳ್ಳುತ್ತೆ. ಅದಕ್ಕೆ 50 ಪೌಂಡ್ ಎಳೆತ ತಡೆಯೋ ಬ್ರೇಡ್, ಅಂದ್ರೆ ಹೆಣೆದ ದಾರನೇ ಹಾಕಿ, ಯಾಕಂದ್ರೆ ಮೀನಿನ ಜೊತೆ ಅರ್ಧ ಬುಟ್ಟಿ ಸೊಪ್ಪನ್ನೂ ಎಳ್ಕೊಂಡು ಬರ್ಬೇಕು.

ಬಣ್ಣದ ವಿಚಾರ ಚಿಕ್ಕದು. ಮೀನು ನೋಡೋದು ಕೆಳಗಿಂದ, ಆಕಾಶದ ಬೆಳಕಿಗೆ ಅಡ್ಡ ಬಂದ ನೆರಳಿನ ಥರ ಅದಕ್ಕೆ ಕಾಣೋದು, ಬೆನ್ನ ಮೇಲೆ ಎಷ್ಟು ಚೆಂದ ಚಿತ್ತಾರ ಇದ್ರೂ ಅದು ನಿಮಗೆ ಮಾತ್ರ. ಹೊಟ್ಟೆ ಬಣ್ಣ ನೋಡಿ ತಗೊಳ್ಳಿ, ಮಬ್ಬು ಬೆಳಕಿಗೆ ಮತ್ತು ರಾತ್ರಿಗೆ ಕಪ್ಪು, ಬಿಸಿಲಿಗೆ ಬಿಳಿ ಇಲ್ಲಾ ಪಾರದರ್ಶಕ.

ಪ್ರಶ್ನೆ: ನನ್ನ ಪಾಪರ್ ಎಷ್ಟು ಎಳೆದ್ರೂ ಸದ್ದೇ ಮಾಡಲ್ಲ, ಮೂತಿ ಕೆಳಗೆ ಹಾಕುತ್ತೆ. ಒಳ್ಳೇ ದುಬಾರಿ ಫ್ಲೋರೋಕಾರ್ಬನ್ ದಾರ ಹಾಕಿದ್ದೀನಿ. (ಮ್ಯಾಡಿಸನ್, ವಿಸ್ಕಾನ್ಸಿನ್)

ಉತ್ತರ: ಆ ದಾರನೇ ಕಾರಣ. ನೀರಿನ ಸಾಂದ್ರತೆ 1 ಅಂದ್ರೆ ಫ್ಲೋರೋಕಾರ್ಬನ್‌ದು ಸುಮಾರು 1.78, ಅದು ಮುಳುಗುತ್ತೆ, ಮುಳುಗ್ತಾ ಲ್ಯೂರಿನ ಮೂತಿನೂ ಜೊತೆಗೆ ಎಳೆಯುತ್ತೆ. ಮೊನೊ ಅಂದ್ರೆ ಒಂದೇ ಎಳೆಯ ನೈಲಾನ್ ದಾರ 1.14 ಆಸುಪಾಸು, ಬಹಳ ನಿಧಾನಕ್ಕೆ ಮುಳುಗುತ್ತೆ, ಬ್ರೇಡ್ 0.97, ತೇಲುತ್ತೆ. ನಾನು 30 ಪೌಂಡ್ ಬ್ರೇಡ್ ಹಾಕಿ ತುದೀಲಿ ಎರಡು ಅಡಿ ಮೊನೊ ಕಟ್ತೀನಿ. ಬರೀ ಬ್ರೇಡ್ ಕಟ್ಟಿದ್ರೆ ಅದು ಮೆತ್ತಗೆ ನೂಲಿನ ಥರ ಇರೋದ್ರಿಂದ ಲ್ಯೂರ್ ನಿಂತಾಗ ಮುಂದಿನ ಹುಕ್ಕಿಗೆ ಸುತ್ಕೊಳ್ಳುತ್ತೆ, ಮೊನೊ ಸ್ವಲ್ಪ ಬಿರುಸು ಇರೋದ್ರಿಂದ ಆ ತೊಂದರೆ ಇಲ್ಲ.

ಪ್ರಶ್ನೆ: ಬೆಳಗಿನ ಜಾವ ಏಳೋಕೆ ಆಗಲ್ಲ, ಮಕ್ಕಳಿದ್ದಾರೆ. ಹಗಲಲ್ಲಿ ಟಾಪ್‌ವಾಟರ್ ನಡೆಯಲ್ವಾ? ಯಾವ ತಿಂಗಳಿಂದ ಯಾವ ತಿಂಗಳ ತನಕ?

ಉತ್ತರ: ನಡೆಯುತ್ತೆ. ಮೊದಲು ನೀರಿನ ಬಿಸಿ ನೋಡಿ, 60 ಡಿಗ್ರಿ ಫ್ಯಾರನ್‌ಹೀಟ್ ಅಂದ್ರೆ ಹದಿನೈದೂವರೆ ಸೆಲ್ಸಿಯಸ್ ದಾಟಿದ್ಮೇಲೆ ಇದಕ್ಕೆ ಜೀವ ಬರೋದು, ಉತ್ತರದ ಲೇಕ್‌ಗಳಲ್ಲಿ ಅದು ಸುಮಾರು ಜೂನ್‌ನಿಂದ ಸೆಪ್ಟೆಂಬರ್ ತನಕ. ಬೆಳಗ್ಗೆ ಸಂಜೆ ಚೆನ್ನಾಗಿರೋದು ನಿಜ, ಜೂನ್ ಕೊನೇಲಿ ವರ್ಮಿಲಿಯನ್ ಕಡೆ ಐದು ಕಾಲಿಗೆಲ್ಲ ಸೂರ್ಯ ಹುಟ್ಟುತ್ತೆ, ಮುಳುಗೋದು ರಾತ್ರಿ ಒಂಬತ್ತು ದಾಟಿದ್ಮೇಲೆ, ಹಾಗಾಗಿ ಮಕ್ಕಳಿಗೆ ಊಟ ಮಾಡ್ಸಿ ಏಳೂವರೆಗೆ ಹೊರಟ್ರೂ ನಿಮಗೆ ಒಳ್ಳೇ ಹೊತ್ತು ಸಿಗುತ್ತೆ. ಹಗಲಲ್ಲಿ ಮೋಡ ಮುಸುಕಿದ್ರೆ ಸ್ಮಾಲ್‌ಮೌತ್ ದಿನವಿಡೀ ಮೇಲೆ ಬರುತ್ತೆ, ನೀರು ತಿಳಿಯಾಗಿದ್ರೆ ಹತ್ತು ಹನ್ನೆರಡು ಅಡಿ ಆಳದ ಬಂಡೆ ಸಂದಿಯಿಂದಲೂ ಏರಿ ಬರುತ್ತೆ. ಬಾಸಿನ ಇನ್ನೊಂದು ಜಾತಿ ಲಾರ್ಜ್‌ಮೌತ್ ಆದ್ರೆ ನಡು ಬಿಸಿಲಲ್ಲಿ ಎಲೆಗಳ ನೆರಳಲ್ಲಿ, ದೋಣಿ ಕಟ್ಟೋ ಡಾಕ್‌ಗಳ ಅಡಿ ನಿಂತಿರುತ್ತೆ, ಅಲ್ಲಿಗೆ ಕಪ್ಪೆ ಹಾಕಿ. ಸಣ್ಣ ಗಾಳಿ, ನೀರಿನ ಮೇಲೆ ಸಣ್ಣ ಅಲೆ ಇದ್ರೆ ಒಳ್ಳೇದೇ, ದೊಡ್ಡ ಅಲೆ ಎದ್ರೆ ಟಾಪ್‌ವಾಟರ್ ಬಿಟ್ಟು ಬೇರೆ ಏನಾದ್ರೂ ಹಾಕಿ.

ಒಂದು ವಿನಂತಿ. ಮೇ ಕೊನೆ ಜೂನ್ ಮೊದಲಲ್ಲಿ ದಡದ ಹತ್ರ ನೆಲದಲ್ಲಿ ತಟ್ಟೆ ಥರ ದುಂಡಗೆ ಗುಡಿಸಿದ ಜಾಗ ಕಂಡ್ರೆ ಅದು ಬಾಸ್ ಗೂಡು, ಮೇಲೆ ನಿಂತಿರೋದು ಗಂಡು, ಮೊಟ್ಟೆ ಕಾಯ್ತಾ ಇರುತ್ತೆ. ಅದನ್ನ ಎಳೆದು ಎರಡು ನಿಮಿಷ ಫೋಟೊ ತೆಗೆಯೋ ಹೊತ್ತಿಗೆ ಸುತ್ತಲಿನ ಸಣ್ಣ ಮೀನುಗಳು ಬಂದು ಮೊಟ್ಟೆ ಖಾಲಿ ಮಾಡ್ತವೆ. ಆ ಜಾಗ ಬಿಟ್ಟು ಮುಂದೆ ಹೋಗಿ.

ಪ್ರಶ್ನೆ: ನಮ್ಮ ತಂದೆ ಹಾಸನದಿಂದ ಮೂರು ತಿಂಗಳಿಗೆ ಬಂದಿದ್ದಾರೆ, 71 ವರ್ಷ, ಚಿಕ್ಕವರಿದ್ದಾಗ ಹೇಮಾವತಿ ಹೊಳೇಲಿ ಬಿದಿರು ಗಳಕ್ಕೆ ಗಾಳ ಕಟ್ಟಿ ಎರೆಹುಳ ಚುಚ್ಚಿ ಮೀನು ಹಿಡೀತಿದ್ರಂತೆ. ಮನೇಲಿ ಕೂತು ಬೇಜಾರಾಗಿದ್ದಾರೆ. ಅವರನ್ನ ಕರ್ಕೊಂಡು ಹೋಗಬಹುದಾ, ಲೈಸೆನ್ಸ್ ಕೊಡ್ತಾರಾ?

ಉತ್ತರ: ಕರ್ಕೊಂಡು ಹೋಗಿ, ಈ ವಾರವೇ ಹೋಗಿ. ಈ ಪತ್ರ ಓದಿ ನನಗೆ ಎಷ್ಟು ಖುಷಿ ಆಯ್ತು ಅಂದ್ರೆ ಎರಡು ಸಲ ಓದಿದೆ.

ಮಿನ್ನೆಸೋಟದಲ್ಲಿ 16 ತುಂಬಿದವರಿಗೆ ಲೈಸೆನ್ಸ್ ಬೇಕು, ಪ್ರವಾಸಕ್ಕೆ ಬಂದವರಿಗೆ ನಾನ್ ರೆಸಿಡೆಂಟ್ ಲೈಸೆನ್ಸ್ ಅಂತ 24 ಗಂಟೆದು, 72 ಗಂಟೆದು, 7 ದಿನದ್ದು ಸಿಗುತ್ತೆ, ಆನ್‌ಲೈನಲ್ಲೂ ತಗೋಬಹುದು, ಮೀನಿನ ಸಾಮಾನು ಮಾರೋ ಅಂಗಡೀಲೂ ತಗೋಬಹುದು. ಇಡೀ ವರ್ಷದ್ದು ಅವರಿಗೆ ಬೇಡ, ಶುಕ್ರವಾರ ಸಂಜೆ 72 ಗಂಟೆದು ತಗೊಂಡ್ರೆ ವಾರಾಂತ್ಯ ಪೂರ್ತಿ ಆಗುತ್ತೆ. ಲೈಫ್ ಜಾಕೆಟ್ ದೋಣೀಲಿ ತಲೆಗೊಂದು ಇರಲೇಬೇಕು, ಹತ್ತು ವರ್ಷದ ಒಳಗಿನ ಮಕ್ಕಳು ದೋಣಿ ಚಲಿಸೋವಾಗ ಹಾಕ್ಕೊಂಡೇ ಇರಬೇಕು ಅಂತ ಕಾನೂನಿದೆ, ಆದ್ರೆ ನೀವು ಅಪ್ಪಾಜಿಗೂ ಹಾಕ್ಸಿ, ನೀವೂ ಹಾಕ್ಕೊಳ್ಳಿ, ಇಲ್ಲಿನ ನೀರು ಜೂನ್‌ನಲ್ಲೂ ತಣ್ಣಗೇ ಇರುತ್ತೆ. ಬೆಳಗ್ಗೆ ಸ್ವೆಟರ್, ಮಫ್ಲರ್, ಫ್ಲಾಸ್ಕಿನಲ್ಲಿ ಕಾಫಿ, ಸೊಳ್ಳೆಗೆ ಏನಾದ್ರೂ ಹಚ್ಚಿ, ಇಲ್ಲಿನ ಸೊಳ್ಳೆ ಸಾಮಾನ್ಯದ್ದಲ್ಲ.

ಅವರ ಕೈಗೆ ಪಾಪರ್ ಕೊಡಿ. ಯಾಕೆ ಅಂತ ಹೇಳ್ತೀನಿ. ಹೇಮಾವತೀಲಿ ಗಾಳಕ್ಕೆ ಬೆಂಡು ಕಟ್ಟಿದವರಿಗೆ ಒಂದು ವಿಷಯ ಕೈಯಲ್ಲೇ ಇರುತ್ತೆ, ಬೆಂಡು ಕುಣಿದಾಗ ಎತ್ತಬಾರದು, ಬೆಂಡು ಮುಳುಗಿ ಎಳ್ಕೊಂಡು ಹೋಗುವಾಗ ಎತ್ತಬೇಕು. ಮೇಲೆ ಮೊದಲ ಪ್ರಶ್ನೆಗೆ ನಾನು ಒಂದು ಪುಟ ಬರೆದಿದ್ದು ಇದನ್ನೇ. ನನ್ನ ಲೆಕ್ಕದಲ್ಲಿ ನಿಮಗಿಂತ ಮೊದಲು ಅವರಿಗೆ ಮೀನು ಸಿಗುತ್ತೆ. ಸ್ಪಿನ್ನಿಂಗ್ ರೀಲಲ್ಲಿ ಎಸೆಯೋದು ಮಾತ್ರ ಹೊಸದು, ಮನೆ ಹಿಂದಿನ ಹುಲ್ಲಲ್ಲಿ ಹುಕ್ ತೆಗೆದ ಲ್ಯೂರ್ ಕಟ್ಟಿ ಅರ್ಧ ಗಂಟೆ ಅಭ್ಯಾಸ ಮಾಡ್ಸಿ. ಲೇಕಿನಿಂದ ಹೊರಡುವಾಗ ದೋಣಿಯ ಡ್ರೈನ್ ಪ್ಲಗ್ ತೆಗೆದು ನೀರು ಪೂರ್ತಿ ಸುರಿಸಿ, ಅಂಟಿದ ಸೊಪ್ಪೆಲ್ಲ ಕಿತ್ತು ಹಾಕಿ, ಇದೂ ಕಾನೂನೇ. ಮಿನಿಟೋಂಕಾದಲ್ಲಿ 1987ರಲ್ಲಿ ಯುರೇಷಿಯನ್ ಮಿಲ್ಫಾಯಿಲ್ ಅನ್ನೋ ಹೊರಗಿನ ಸೊಪ್ಪು, 2010ರಲ್ಲಿ ಝೀಬ್ರಾ ಮಸಲ್ ಅನ್ನೋ ಚಿಪ್ಪಿನ ಹುಳ ಕಾಣಿಸ್ಕೊಂಡ್ಮೇಲೆ ಇವತ್ತಿನ ತನಕ ಎರಡನ್ನೂ ಹೊರಗೆ ಹಾಕೋಕೆ ಆಗಿಲ್ಲ.

ಪ್ರಶ್ನೆ: ನಾವು ಮೀನು ತಿನ್ನೋರಲ್ಲ. ನನ್ನ ಗಂಡ ವಾರ ವಾರ ಹೋಗಿ ಹಿಡಿದು ಬಿಟ್ಟು ಬರ್ತಾರೆ. ತಿನ್ನಲ್ಲ ಅಂದ್ಮೇಲೆ ಆ ಪ್ರಾಣಿಗೆ ಹಿಂಸೆ ಕೊಡೋದು ಪಾಪ ಅಲ್ವಾ? ನೇರವಾಗಿ ಉತ್ತರ ಕೊಡಿ.

ಉತ್ತರ: ನೇರವಾಗೇ ಹೇಳ್ತೀನಿ ಅಕ್ಕಾ, ನಮ್ಮನೇಲೂ ಇದೇ ಪ್ರಶ್ನೆ ಎದ್ದಿದೆ, ನಮ್ಮನೇಲೂ ಮೀನು ಬೇಯಿಸಲ್ಲ. ಮೀನಿಗೆ ಏನೂ ಆಗಲ್ಲ ಅಂತ ನಾನು ಹೇಳಲ್ಲ. ಹುಕ್ ಚುಚ್ಚುತ್ತೆ, ದಣಿಯುತ್ತೆ, ಬಿಟ್ಟ ಮೀನೆಲ್ಲ ಬದುಕಲ್ಲ. ಇದು ಸರಿ ಇಲ್ಲ ಅಂತ ನಿಮಗೆ ಅನಿಸಿದ್ರೆ ಅದು ಗೌರವ ಕೊಡಬೇಕಾದ ಮಾತು, ವಾದ ಮಾಡಿ ಗೆಲ್ಲೋ ವಿಷಯ ಅಲ್ಲ.

ನಾನು ಯಾಕೆ ಹೋಗ್ತೀನಿ ಅಂದ್ರೆ ಆ ನೀರಿನ ಜೊತೆ ನನಗೆ ಇರೋ ಸಂಬಂಧ ಅದರಿಂದ ಬಂದಿದ್ದು, ಎಲ್ಲಿ ಬಂಡೆ ಇದೆ, ಯಾವ ಗಾಳಿಗೆ ಯಾವ ದಡ, ಹುಳ ಯಾವಾಗ ಏಳುತ್ತೆ, ಇದೆಲ್ಲ ದಡದಲ್ಲಿ ಕೂತು ನೋಡಿದ್ರೆ ನನಗೆ ತಿಳೀತಿರಲಿಲ್ಲ. ಅದಕ್ಕೆ ಮೀನಿಗೆ ನಾನು ತೆರೋ ಬೆಲೆ ಏನು ಅಂದ್ರೆ ಅದಕ್ಕೆ ಆಗೋ ನೋವನ್ನ ಎಷ್ಟು ಕಮ್ಮಿ ಮಾಡಬಹುದೋ ಅಷ್ಟು ಮಾಡೋದು. ನಿಮ್ಮ ಯಜಮಾನರಿಗೆ ಇದನ್ನ ಓದಿಸಿ. ಮೂರು ಮುಳ್ಳಿನ ಟ್ರೆಬಲ್ ಹುಕ್ ಕಿತ್ತು ಒಂಟಿ ಹುಕ್ ಹಾಕ್ಲಿ, ಮುಳ್ಳಿನ ಹಿಂದಿನ ಚೂಪನ್ನ ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡ್ಲಿ, ಆಗ ಹುಕ್ ಸಲೀಸಾಗಿ ಹೊರಗೆ ಬರುತ್ತೆ. ಕೈ ಒದ್ದೆ ಮಾಡ್ಕೊಂಡೇ ಮುಟ್ಲಿ, ಒಣ ಕೈ ತಾಗಿದ್ರೆ ಅದರ ಮೈಮೇಲಿನ ಲೋಳೆ ಹೋಗುತ್ತೆ, ಆ ಲೋಳೆನೇ ಅದಕ್ಕೆ ರಕ್ಷಣೆ. ದೊಡ್ಡ ಮೀನನ್ನ ಬರೀ ದವಡೆ ಹಿಡಿದು ನೇತಾಡ್ಸೋದು ಬೇಡ, ಹೊಟ್ಟೆ ಕೆಳಗೆ ಇನ್ನೊಂದು ಕೈ ಇಡ್ಲಿ. ನೀರಿನಿಂದ ಹೊರಗೆ ಹತ್ತು ಹದಿನೈದು ಸೆಕೆಂಡು, ಅಷ್ಟೆ, ಫೋಟೊ ಬೇಕಾದ್ರೆ ಫೋನ್ ಮೊದಲೇ ರೆಡಿ ಇರ್ಲಿ. ಉತ್ತರದ ತಣ್ಣನೆ ನೀರಲ್ಲಿ ಸ್ಮಾಲ್‌ಮೌತ್ ಬಹಳ ನಿಧಾನಕ್ಕೆ ಬೆಳೆಯುತ್ತೆ, 18 ಇಂಚಿಂದು ಸುಮಾರು ಹತ್ತು ವರ್ಷದ್ದಿರಬಹುದು, ಕೈಯಲ್ಲಿ ಹಿಡಿದಾಗ ಅದನ್ನ ನೆನೆಸ್ಕೊಂಡ್ರೆ ತಾನಾಗೇ ಮೆಲ್ಲಗೆ ಹಿಡೀತೀವಿ.

ಕಿವಿರಿಂದ ರಕ್ತ ಬರ್ತಾ ಇದ್ರೆ ಆ ಮೀನು ಬದುಕೋದು ಕಷ್ಟ, ಕಾನೂನು ಬಿಡೋ ಕಾಲ ಆದ್ರೆ ನಾನು ಅದನ್ನ ತಂದು ತಿನ್ನೋ ಪಕ್ಕದ ಮನೆಯವರಿಗೆ ಕೊಡ್ತೀನಿ, ಅವತ್ತಿಗೆ ಗಾಳ ಮಡಚಿ ಇಡ್ತೀನಿ. ಇಲ್ಲಿ ಎರಡೂ ಜಾತಿ ಬಾಸ್ ಸೇರಿ ಒಬ್ಬರಿಗೆ ಆರು, ಸೆಪ್ಟೆಂಬರ್ ಮಧ್ಯದಿಂದ ಸ್ಮಾಲ್‌ಮೌತ್ ಅಂತೂ ಬಿಡಲೇಬೇಕು. ತಿನ್ನೋರಿಗೆ ಕೊಡುವಾಗ ಒಂದು ಮಾತು ಸೇರ್ಸಿ ಹೇಳಿ, ದೊಡ್ಡ ಮೀನಲ್ಲಿ ಪಾದರಸ ಜಾಸ್ತಿ ಸೇರಿರುತ್ತೆ, ಬಸುರಿಯರು ಮತ್ತು ಚಿಕ್ಕ ಮಕ್ಕಳು ಎಷ್ಟು ತಿನ್ನಬಹುದು ಅಂತ ರಾಜ್ಯದ ಆರೋಗ್ಯ ಇಲಾಖೆ ಲೇಕ್ ಪ್ರಕಾರ ಪಟ್ಟಿ ಕೊಡುತ್ತೆ, ಅದನ್ನ ನೋಡ್ಕೊಳ್ಳಿ ಅಂತ.

ಪ್ರಶ್ನೆ: ಹುಕ್ ಬೆರಳಿಗೆ ಚುಚ್ಚಿಕೊಂಡ್ರೆ ಏನು ಮಾಡ್ಬೇಕು? ದಡಕ್ಕೆ ಬರೋಕೇ ಒಂದು ಗಂಟೆ ಬೇಕು.

ಉತ್ತರ: ನನಗೆ ಆಗಿದೆ, ಹೆಬ್ಬೆರಳಿಗೆ, ಮೀನು ಬಿಡಿಸುವಾಗ ಅದು ಒದ್ದಾಡಿ ಇನ್ನೊಂದು ಹುಕ್ ನನಗೆ ಹೊಕ್ತು. ಅವತ್ತು ಇಕ್ಕಳ ಕೈಗೆ ಸಿಗೋ ಕಡೆ ಇರಲಿಲ್ಲ, ಮೀನು ಒಂದು ಕಡೆ ನಾನು ಒಂದು ಕಡೆ. ಈಗ ಇಕ್ಕಳ, ಹುಕ್ ಕತ್ತರಿಸೋ ಕಟರ್ ಎರಡೂ ಸೊಂಟಕ್ಕೇ ಕಟ್ಕೊಂಡಿರ್ತೀನಿ.

ಮೊದಲು ಮೀನನ್ನ ಬೇರೆ ಮಾಡಿ, ಲ್ಯೂರಿನಿಂದ ಹುಕ್ ಕತ್ತರಿಸಿ. ಬೆರಳಲ್ಲಿ ಮೇಲೆ ಮೇಲೆ ಇದ್ರೆ ಗಟ್ಟಿ ದಾರವನ್ನ ಹುಕ್ಕಿನ ಬಾಗಿನ ಒಳಗೆ ಹಾಕಿ ಎರಡೂ ತುದಿ ಜೊತೆಗಾರರ ಕೈಗೆ ಸುತ್ತಿ, ಹುಕ್ಕಿನ ದಾರ ಕಟ್ಟೋ ಕಣ್ಣಿನ ಭಾಗವನ್ನ ಚರ್ಮಕ್ಕೆ ಒತ್ತಿ ಹಿಡೀರಿ, ಒತ್ತಿದಾಗ ಒಳಗಿನ ಮುಳ್ಳು ಬಿಡುತ್ತೆ, ಆಗ ಅವರು ದಾರವನ್ನ ಹುಕ್ ಹೋದ ದಾರೀಲೇ ಹಿಂದಕ್ಕೆ ಒಂದೇ ಸಲ ಛಟ್ ಅಂತ ಎಳೀಬೇಕು. ಎದುರಿಗೆ ಯಾರೂ ನಿಂತಿರಬಾರದು, ಹುಕ್ ಹಾರಿ ಬರುತ್ತೆ. ಆಳಕ್ಕೆ ಹೋಗಿದ್ರೆ, ಗಂಟಿನ ಮೇಲೆ ಆಗಿದ್ರೆ, ಕಣ್ಣಿನ ಹತ್ರ ಆಗಿದ್ರೆ ಮುಟ್ಟಲೇಬೇಡಿ, ಅಲುಗದ ಹಾಗೆ ಕಟ್ಟಿ ಡಾಕ್ಟರ್ ಹತ್ರ ಹೋಗಿ. ಟಿಟಿ ಇಂಜೆಕ್ಷನ್ ಯಾವಾಗ ತಗೊಂಡಿದ್ದು ಅಂತ ಅವರಿಗೆ ಹೇಳಿ.

ಪ್ರಶ್ನೆ: ಲೂನ್ ಹಕ್ಕಿ ಲ್ಯೂರ್ ಹಿಂದೆ ಬರುತ್ತೆ, ಹೆದರ್ಸಿ ಓಡಿಸಬಹುದಾ? (ಡುಲೂತ್)

ಉತ್ತರ: ಓಡಿಸಬೇಡಿ, ನೀವೇ ಲ್ಯೂರ್ ಮೇಲೆ ತಗೊಂಡು ಸುಮ್ನೆ ಕೂತ್ಕೊಳ್ಳಿ, ಅದು ಮುಳುಗಿ ಎಲ್ಲೋ ದೂರ ಏಳುತ್ತೆ. ಅದರ ಕೆಂಪು ಕಣ್ಣು, ರಾತ್ರಿ ಅದು ಕೂಗೋದು, ಉತ್ತರದ ಲೇಕ್ ಅಂದ್ರೆ ನನಗೆ ಮೊದಲು ನೆನಪಾಗೋದೇ ಅದು, ಮಿನ್ನೆಸೋಟದ ರಾಜ್ಯಪಕ್ಷಿ ಕೂಡ. ದಾರ ಮುಳುಗ್ಲಿ ಅಂತ ಕಟ್ಟೋ ಸೀಸದ ಗುಂಡು ಬಳಸೋರಿದ್ರೆ ದಯವಿಟ್ಟು ಟಿನ್ ಅಥವಾ ಟಂಗ್‌ಸ್ಟನ್‌ಗೆ ಬದಲಾಯಿಸಿ, ಲೂನ್ ಅರೆಯೋಕೆ ಅಂತ ನೆಲದ ಬೆಣಚು ನುಂಗುತ್ತೆ, ಅದರ ಜೊತೆ ಕಳೆದುಹೋದ ಒಂದು ಚಿಕ್ಕ ಸೀಸದ ಗುಂಡು ಹೊಟ್ಟೆಗೆ ಹೋದ್ರೂ ಆ ಹಕ್ಕಿ ಸಾಯುತ್ತೆ.

ಪ್ರಶ್ನೆ: ನಾನು ಮೈಸೂರಿನವನು, ನಿಮ್ಮ ಲೇಖನ ಓದಿ ಆಸೆ ಆಗಿದೆ. ನಮ್ಮ ಕೆರೆಗಳಿಗೂ ಬಾಸ್ ತಂದು ಬಿಟ್ರೆ ಹೇಗೆ? ಅಥವಾ ನಮ್ಮಲ್ಲಿ ಈ ಥರ ಮೇಲೆ ಬರೋ ಮೀನು ಇದೆಯಾ?

ಉತ್ತರ: ಬಾಸ್ ತರೋ ಯೋಚನೆ ಬಿಟ್ಟುಬಿಡಿ ತಮ್ಮಾ, ಇದನ್ನ ಕೈ ಮುಗಿದು ಹೇಳ್ತೀನಿ. ಜಪಾನಿನವರು 1925ರಲ್ಲಿ ಆಶಿ ಅನ್ನೋ ಸರೋವರಕ್ಕೆ ಲಾರ್ಜ್‌ಮೌತ್ ತಂದು ಬಿಟ್ರು, ಆಮೇಲೆ ಅದು ದೇಶದ ತುಂಬಾ ಹರಡ್ತು, ಬಿವಾ ಸರೋವರದಲ್ಲಿ ಎಷ್ಟು ಕೊಬ್ಬಿತು ಅಂದ್ರೆ 2009ರಲ್ಲಿ ಅಲ್ಲಿ ಸಿಕ್ಕಿದ ಬಾಸ್ 22 ಪೌಂಡ್ ಮೇಲೆ ತೂಗಿ 1932ರ ಅಮೆರಿಕದ ಜಾರ್ಜಿಯಾದ ವಿಶ್ವದಾಖಲೆಗೆ ಸಮ ಆಯ್ತು. ಆದ್ರೆ ಬಿವಾದ ಸ್ವಂತ ಮೀನುಗಳಿಗೆ ಅದರಿಂದ ಬಿದ್ದ ಪೆಟ್ಟು ದೊಡ್ಡದು, ಈಗ ಅಲ್ಲಿ ಹಿಡಿದ ಬಾಸನ್ನ ವಾಪಸ್ ನೀರಿಗೆ ಬಿಡೋದನ್ನೇ ನಿಷೇಧಿಸಿದ್ದಾರೆ. ಬಾಸ್ ಚೆಂದ ಇರೋದು ಅದರ ತವರು ನೀರಲ್ಲೇ.

ನಮ್ಮಲ್ಲಿ ಕೊರವ ಮೀನಿದೆಯಲ್ಲ, ಮುರ್ರಲ್ ಅಂತಾರಲ್ಲ, ಹಾವಿನ ತಲೆಯದ್ದು, ಅದೇ ನಮ್ಮ ಕೆರೆಗಳ ಟಾಪ್‌ವಾಟರ್ ಮೀನು. ಗಾಳಿ ಕುಡಿಯೋಕೆ ಅದು ಆಗಾಗ ಮೇಲೆ ಬರಲೇಬೇಕು, ಬಂದಾಗ ಸಣ್ಣ ಗುಳ್ಳೆ, ಸಣ್ಣ ಸುಳಿ ಕಾಣುತ್ತೆ, ಅದರ ಮುಂದಕ್ಕೆ ನಾಲ್ಕಾರು ಅಡಿ ದೂರ ರಬ್ಬರ್ ಕಪ್ಪೆ ಎಸೆದು ಎಲೆಗಳ ಮೇಲೆ ಸರಿಸ್ತಾ ತನ್ನಿ, ಹಳ್ಳಿಗಳಲ್ಲಿ ಕಪ್ಪೆ ಚುಚ್ಚಿ ಕೊರವ ಹಿಡಿಯೋದು ಹಳೇ ಕಾಲದ್ದೇ, ರಬ್ಬರ್ ಕಪ್ಪೆ ಆದ್ರೆ ಜೀವ ಇರೋ ಕಪ್ಪೆ ಉಳಿಯುತ್ತೆ. ಬಾಸಿಗೆ ಹೇಳಿದ್ದೇ ಇದಕ್ಕೂ, ಹಾರಿದ ತಕ್ಷಣ ಎಳೀಬೇಡಿ, ಒಂದು, ಎರಡು ಎಣಿಸಿ, ಇದರ ದವಡೆ ಬಾಸಿಗಿಂತ ಗಡಸು, ಎಳೆಯುವಾಗ ಪೂರ್ತಿ ಬಲ ಬೇಕು.

ನೀರಲ್ಲಿ ಕೆಂಪು ಮರಿಗಳ ಗುಂಪು ಒಟ್ಟಾಗಿ ಚಿಮ್ಮುತ್ತಾ ಹೋಗ್ತಾ ಇದ್ರೆ ಅದರ ಕೆಳಗೆ ತಾಯಿ ತಂದೆ ಇರುತ್ತವೆ. ಅಲ್ಲಿಗೆ ಎಸೆದ್ರೆ ಖಂಡಿತ ಹೊಡೀತವೆ, ಮರಿ ಉಳಿಸ್ಕೊಳ್ಳೋಕೆ. ಅದಕ್ಕೇ ಅಲ್ಲಿಗೆ ಎಸೀಬೇಡಿ, ಅವೆರಡನ್ನ ತೆಗೆದ್ರೆ ಆ ಮರಿಗಳು ಉಳಿಯಲ್ಲ.

ಹೊರಡೋ ಮುಂಚೆ ಕೇಳ್ಕೊಳ್ಳಿ, ಬಹಳಷ್ಟು ಕೆರೆಗಳ ಮೀನಿನ ಹಕ್ಕು ಹರಾಜಲ್ಲೋ ಗುತ್ತಿಗೇಲೋ ಯಾರಿಗೋ ಹೋಗಿರುತ್ತೆ, ಅವರ ಒಪ್ಪಿಗೆ ಇಲ್ಲದೆ ಗಾಳ ಹಾಕೋದು ತಪ್ಪು. ಕಾವೇರಿ ವನ್ಯಧಾಮದ ಕಡೆ ಅಂತೂ ಹೋಗಬೇಡಿ, ಅಲ್ಲಿನ ಗೂನು ಬೆನ್ನಿನ ಮಹಶೀರ್ ಈಗ ಅಳಿವಿನ ಅಂಚಲ್ಲಿರೋ ಮೀನು. ನಿಮ್ಮೂರ ಹತ್ರದ ಕೆರೆ ಸಾಕು, ಬೆಳಗ್ಗೆ ಆರಕ್ಕೆ ಏರಿ ಮೇಲೆ ಹೋಗಿ ಮೊದಲ ಹತ್ತು ನಿಮಿಷ ಏನೂ ಎಸೀದೆ ಎಲ್ಲಿ ಗುಳ್ಳೆ ಏಳುತ್ತೆ ಅಂತ ನೋಡ್ತಾ ನಿಂತ್ಕೊಳ್ಳಿ, ಜೊಂಡಿನ ಒಳಗೆ ಕಾಲಿಡುವಾಗ ಕೋಲಲ್ಲಿ ಬಡಿದು ಹಾವು ಇಲ್ಲ ಅಂತ ನೋಡ್ಕೊಂಡೇ ಇಡಿ, ಸಿಕ್ಕಿದ್ರೆ ಫೋಟೊ ಕಳ್ಸಿ, ಮುಂದಿನ ಸಂಚಿಕೇಲಿ ಹಾಕೋಣ.